ಕುಮಟಗಿಗೆ ನೀರು ಬಿಡಿ

ಸಿಂದಗಿಯಿಂದ ವಿಜಯಪುರದ ದಾರಿ ಹಿಡಿದರೆ, ಪಟ್ಟಣ ಮುಟ್ಟಲು ಇನ್ನೂ 20 ಕಿಲೋಮೀಟರಿನಷ್ಟು ಇರುವಾಗ ಕುಮಟಗಿ ಸಿಗುತ್ತದೆ. ಆದಿಲ್‌ಶಾಹಿ ಅರಸರು ಬೇಸಗೆಯಲ್ಲಿ ಕೋಟೆ ಬಿಟ್ಟು ಬಂದು ತಂಗುತ್ತಿದ್ದ ಉದ್ಯಾನ ಇದ್ದದ್ದು ಇಲ್ಲೇ. ಕೆರೆ ಇದೆ. ನೀರನ್ನು ಎತ್ತರಕ್ಕೇರಿಸಿ ಹಂಚುತ್ತಿದ್ದ ಗೋಪುರದ ಗಾರೆಗೋಡೆ ಇದೆ. ಕೊಳದ ನಡುವೆ ಕಮಾನುಗಳ ಮಂಟಪ ಇದೆ. ಗೋಡೆಗಳ ಮೇಲೆ ಸುಮಾರು 400 ವರ್ಷ ಹಿಂದಿನ ಚಿತ್ರಗಳ ಉಳಿಕೆ ಇದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯೂ ಇದೆ. ಇಲ್ಲದ್ದು ಒಂದೇ, ಉದ್ಯಾನ.

ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಕುಮಟಗಿಯನ್ನು ಕಾಯುವ ಹೊಣೆ ಹೊತ್ತವರು ಕಲ್ಲುಗಾರೆಯನ್ನು ಕಾಯ್ದರು, ನೀರನ್ನು ಕೈಬಿಟ್ಟರು. ನೀರಿಗಾಗಿಯೇ ಕಟ್ಟಿದ ಜಾಗದಲ್ಲಿ ನೀರನ್ನೇ ಮರೆತ ಮೇಲೆ ಆ ರಕ್ಷಣೆ ಅರ್ಧ ರಕ್ಷಣೆಯೂ ಅಲ್ಲ. ಕೇಂದ್ರದ ಪುರಾತತ್ವ ಇಲಾಖೆ ಮೊದಲ ಹೊಣೆಗಾರ. ರಾಜ್ಯದ ಪ್ರವಾಸೋದ್ಯಮ ಇಲಾಖೆ ಎರಡನೆಯದು. ಜಿಲ್ಲಾಡಳಿತ ಮೂರನೆಯದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಬದುಕುತ್ತಿರುವ ನಾವು, ಮಕ್ಕಳನ್ನು ಮೈಸೂರಿಗೂ ಹಂಪಿಗೂ ಪ್ರವಾಸ ಕಳಿಸುತ್ತ ಮನೆಯ ಮಗ್ಗುಲಿನ ಅರಸು ತೋಟವನ್ನು ಒಮ್ಮೆಯೂ ವಿಚಾರಿಸದ ನಾವು, ಈ ಸಾಲಿನಿಂದ ಹೊರಗೆ ನಿಲ್ಲುವಂತಿಲ್ಲ.

ಕುಮಟಗಿ ಏನಾಗಿತ್ತು ಎಂಬುದನ್ನು ತಿಳಿಯಬೇಕಾದರೆ ಮೊದಲು ಈ ನೆಲವನ್ನು ನೆನೆಯಬೇಕು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದೂ ನೆಚ್ಚುವಂಥದ್ದಲ್ಲ. ಬೇಸಗೆಯಲ್ಲಿ ಬಾಯಿ ಬಿಡುವ ಎರೆಭೂಮಿ. ಡೋಣಿಯ ನೀರು ಸವುಳು. ಭೀಮೆ ಉತ್ತರದ ಅಂಚಿನಲ್ಲಿ, ಕೃಷ್ಣೆ ದಕ್ಷಿಣದ ಅಂಚಿನಲ್ಲಿ. ನಡುವಿನ ದಿಬ್ಬದ ಜನಕ್ಕೆ ಎರಡೂ ದೂರ. 1876ರಿಂದ 1878ರವರೆಗಿನ ಬರ ಈ ಸೀಮೆಯ ಊರುಗಳನ್ನು ಬರಿದು ಮಾಡಿದ ನೆನಪು ಮೂರ್ನಾಲ್ಕು ತಲೆಮಾರು ಉಳಿಯಿತು. ಇಂಥ ನೆಲದಲ್ಲಿ ಒಂದು ರಾಜಧಾನಿಯನ್ನು ಸಾಕುವುದೆಂದರೆ ನೀರಿನ ವಿದ್ಯೆ ಬಲ್ಲವರಿಗೆ ಮಾತ್ರ ಆಗುವ ಕೆಲಸ. ಆದಿಲ್‌ಶಾಹಿಗಳ ಕಾಲದಲ್ಲಿ ಆ ವಿದ್ಯೆ ಇತ್ತು. 1579ರಲ್ಲಿ ಚಾಂದ ಬಾವಡಿ, 1620ರಲ್ಲಿ ತಾಜ ಬಾವಡಿ, 1651ರಲ್ಲಿ ಬೇಗಂ ತಲಾಬ. ತೊರವಿ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ನೀರನ್ನು ಇಳಿಜಾರಿನಲ್ಲೇ ನಗರಕ್ಕೆ ಹರಿಸಿದರು. ದಾರಿಯುದ್ದಕ್ಕೂ ಒತ್ತಡ ತಗ್ಗಿಸಲು ಗಾರೆಯ ಗೋಪುರಗಳನ್ನು ನಿಲ್ಲಿಸಿದರು. ಅವುಗಳಲ್ಲಿ ಕೆಲವು ಇಂದಿಗೂ ವಿಜಯಪುರದ ಓಣಿಗಳ ನಡುವೆ ನಿಂತಿವೆ. ದಖನ್ ಪ್ರಸ್ಥಭೂಮಿಯ ಈ ಪುರಾತನ ಜಲವ್ಯವಸ್ಥೆಯನ್ನು ಜಾಗತಿಕ ಸ್ಮಾರಕ ನಿಧಿ ತನ್ನ 2020ರ ಕಾವಲು ಪಟ್ಟಿಯಲ್ಲಿ ಸೇರಿಸಿತು. ಜಗತ್ತು ಕಣ್ಣಿಟ್ಟು ನೋಡಿದ್ದು ನಮ್ಮ ಗುಂಬಜಗಳನ್ನಷ್ಟೇ ಅಲ್ಲ, ನಮ್ಮ ಸುರಂಗ ಬಾವಡಿಯನ್ನೂ.

ಕುಮಟಗಿ ಆ ವಿದ್ಯೆಯ ಅತಿ ನಾಜೂಕಾದ ಕೆಲಸ. ಇಲ್ಲಿ ನೀರನ್ನು ಕುಡಿಯಲಿಕ್ಕೆ ತರಲಿಲ್ಲ, ಕಣ್ಣಿಗೆ, ಕಿವಿಗೆ, ಮೈಗೆ ತಂಪಾಗಲಿಕ್ಕೆ ತಂದರು. ಕೆರೆಯ ನೀರನ್ನು ಗೋಪುರಕ್ಕೆ ಏರಿಸಿ, ಅಲ್ಲಿಂದ ನೆಲದಡಿಯ ಕೊಳವೆಗಳಲ್ಲಿ ಇಳಿಸಿ, ಮಂಟಪದ ಗೋಡೆಗಳೊಳಗೆ ಮತ್ತೆ ಏರಿಸಿ, ಕಾರಂಜಿಗಳಲ್ಲಿ ಚಿಮ್ಮಿಸುವ ಏರ್ಪಾಡು ಅದು. ಎಣ್ಣೆಯ ಎಂಜಿನ್ನೂ ಇಲ್ಲ, ವಿದ್ಯುತ್ ಪಂಪೂ ಇಲ್ಲ. ಎತ್ತರದ ಲೆಕ್ಕ, ಕೊಳವೆಯ ಅಳತೆ, ಗಾರೆಯ ಬಿಗಿ ಇಷ್ಟೇ ಬಂಡವಾಳ. ಹೊರಗೆ ಸುಡುವ ಗಾಳಿ ಬೀಸುವಾಗ ಕೊಳದ ಮೇಲೆ ಹಾದು, ಕಾರಂಜಿಯ ತುಂತುರಿನಲ್ಲಿ ನೆನೆದು ಒಳಗೆ ಬರುವ ಗಾಳಿ ತಂಪಾಗಿರಬೇಕು ಎಂಬ ತಿಳಿವಳಿಕೆ ಇಡೀ ಕಟ್ಟಡದ ನಕ್ಷೆಯಲ್ಲಿದೆ. ಮಂಟಪಕ್ಕೆ ಕಮಾನುಗಳು ನಾಲ್ಕೂ ಕಡೆ ತೆರೆದಿರುವುದು ಸೊಗಸಿಗೆ ಮಾತ್ರವಲ್ಲ. ಆ ಕಾರಂಜಿಗಳು ಆಡಿ ಶತಮಾನಗಳಾದವು. ಕೆರೆಗೆ ನೀರು ಬಂದ ವರ್ಷವೂ ಆ ನೀರು ಹಳೆಯ ದಾರಿ ಹಿಡಿದು ಮಂಟಪ ಮುಟ್ಟುವುದಿಲ್ಲ. ಕೊಳವೆ ಒಡೆದಿದೆ, ಗೋಪುರ ಬರಿದಾಗಿದೆ. ನೀರಿಲ್ಲದ ಮಂಟಪದಲ್ಲಿ ನಿಂತವನಿಗೆ ಅದು ಬರೀ ತೂತುಗಳಿರುವ ಒಂದು ಹಳೆಯ ಕಟ್ಟಡ. ಅವನ ತಪ್ಪಲ್ಲ ಅದು. ಅವನಿಗೆ ತೋರಿಸಬೇಕಾದ್ದನ್ನು ಯಾರೂ ತೋರಿಸಿಲ್ಲ.

ಚಿತ್ರಗಳ ಮಾತು ಇನ್ನೂ ನೋವಿನದು. ಕುದುರೆಯೇರಿ ಚೌಗಾನ್ ಆಡುವ ಸವಾರರು, ಪಟ್ಟು ಹಾಕಿ ನಿಂತ ಜಟ್ಟಿಗಳು, ಟೋಪಿ ತೊಟ್ಟ ಪರಂಗಿಗಳು, ಇವೆಲ್ಲ ಕುಮಟಗಿಯ ಗೋಡೆಯ ಮೇಲೆ ಇದ್ದವು. ಹೆನ್ರಿ ಕಸಿನ್ಸ್ ವಿಜಯಪುರದ ವಾಸ್ತುವನ್ನು ಕುರಿತು ಬರೆದು 1916ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಕುಮಟಗಿಗೂ ಜಾಗ ಕೊಟ್ಟ. ಆತ ಕಂಡಷ್ಟು ಇಂದು ನಮಗೆ ಕಾಣುವುದಿಲ್ಲ. ದಖನಿನಲ್ಲಿ ಆ ಕಾಲದ ಅರಮನೆಯ ಗೋಡೆಚಿತ್ರಗಳು ಉಳಿದಿರುವ ಜಾಗಗಳೇ ಬೆರಳೆಣಿಕೆ. ಅಸಾರ ಮಹಲಿನ ಕೋಣೆಗಳು ಬಿಟ್ಟರೆ ನಮ್ಮ ಜಿಲ್ಲೆಯಲ್ಲಿ ಕುಮಟಗಿಯೇ. ಬಣ್ಣ ಮಾಸಿದ್ದಕ್ಕೆ ಗಾಳಿ, ತೇವ, ಬಿಸಿಲು ಕಾರಣ ಎನ್ನಬಹುದು. ಆದರೆ ಮೊಳೆಯಿಂದ, ಕೀಲಿಕೈಯಿಂದ ಕೆರೆದ ಹೆಸರುಗಳನ್ನು ಗಾಳಿ ಬರೆಯಲಿಲ್ಲ. ಅವು ಕನ್ನಡದ ಹೆಸರುಗಳು, ನಮ್ಮ ಊರುಗಳ ಹುಡುಗರ ಹೆಸರುಗಳು. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ರಕ್ಷಿತ ಸ್ಮಾರಕವನ್ನು ಕೆಡಿಸಿದವರಿಗೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ. ಕಾಯ್ದೆ ಕಟುವಾಗಿದೆ, ಕೈ ಮಾತ್ರ ಸಡಿಲ. ಕೆರೆಯುವ ಕೈಯನ್ನು ಆ ಕ್ಷಣದಲ್ಲಿ ಹಿಡಿಯುವ ಒಬ್ಬ ಕಾವಲುಗಾರ, ಅದಕ್ಕೂ ಮೊದಲು ಆ ಹುಡುಗನಿಗೆ ಈ ಚಿತ್ರ ಯಾರದೆಂದು ಹೇಳುವ ಒಬ್ಬ ಮೇಷ್ಟರು ಇದ್ದಿದ್ದರೆ ದಂಡದ ಮಾತೇ ಬೇಕಿರಲಿಲ್ಲ.

ಉದ್ಯಾನ ಹೋದರೆ ಏನು ಹೋಯಿತು, ನಾಲ್ಕು ಗಿಡ ತಾನೆ ಎಂದು ಕೇಳುವವರಿದ್ದಾರೆ. ಅವರಿಗೆ ವಿಜಯಪುರದ ದರ್ಬಾರಿನ ಕಡೆ ಒಮ್ಮೆ ನೋಡಿರೆಂದು ಹೇಳುತ್ತೇವೆ. ಎರಡನೆಯ ಇಬ್ರಾಹಿಂ ಆದಿಲ್ ಶಾಹನಿಗಾಗಿ, 1580ರಿಂದ 1627ರವರೆಗೆ ಆಳಿದ ಆ ಸಂಗೀತಪ್ರಿಯ ದೊರೆಗಾಗಿ, ಸುಗಂಧಗಳನ್ನು ತಯಾರಿಸುವ ಕ್ರಮವನ್ನು ಕುರಿತೇ ಒಂದು ಗ್ರಂಥ ರಚನೆಯಾಯಿತು. ಅವನ ದರ್ಬಾರಿಗೆ 1603–04ರ ಹೊತ್ತಿಗೆ ಅಕ್ಬರನ ರಾಯಭಾರಿಯಾಗಿ ಬಂದ ಅಸದ್ ಬೇಗ್ ನಗರದ ಪೇಟೆಬೀದಿಯ ಅಗಲ, ಅಚ್ಚುಕಟ್ಟು ಕಂಡು ಬೆರಗಾದ. ಪ್ರತಿ ಅಂಗಡಿಯ ಮುಂದೆಯೂ ಒಂದೊಂದು ಹಸಿರು ಮರ ಇತ್ತೆಂದು ಬರೆದಿಟ್ಟ. ಬರದ ಸೀಮೆಯ ಪೇಟೆಯಲ್ಲಿ ಅಂಗಡಿಗೊಂದು ಮರ! ಇಂದು ನಮ್ಮ ಯಾವ ತಾಲ್ಲೂಕು ಕೇಂದ್ರದ ಬಜಾರಿನಲ್ಲಿ ಅಷ್ಟು ಮರಗಳಿವೆ ಎಂಬುದನ್ನು ಓದುಗರೇ ಹೇಳಲಿ. 1657ರಲ್ಲಿ ಎರಡನೆಯ ಅಲಿ ಆದಿಲ್ ಶಾಹನ ಆಸ್ಥಾನಕವಿ ನುಸ್ರತಿ ದಖನಿಯಲ್ಲಿ ‘ಗುಲ್ಶನೆ ಇಶ್ಕ್’ ಬರೆದ. ಪ್ರೇಮದ ಕಥೆಗೆ ಉದ್ಯಾನದ ಹೆಸರನ್ನೇ ಇಟ್ಟ. ತೋಟ ಆ ದರ್ಬಾರಿಗೆ ಮನರಂಜನೆಯಷ್ಟೇ ಆಗಿರಲಿಲ್ಲ. ಕಾವ್ಯ, ವೈದ್ಯ, ಸುಗಂಧ, ಸಂಗೀತ ಎಲ್ಲ ಅಲ್ಲಿ ಸೇರುತ್ತಿದ್ದವು. ನುಸ್ರತಿಯ ಕಾವ್ಯದ 1743ರ ಸಚಿತ್ರ ಪ್ರತಿ ಇಂದು ಅಮೆರಿಕದ ಫಿಲಡೆಲ್ಫಿಯಾದ ಕಲಾ ಸಂಗ್ರಹಾಲಯದಲ್ಲಿದೆ. ವಿಜಯಪುರದ ಚಿತ್ರಕಾರ ಬಿಡಿಸಿದ ‘ಯೋಗಿನಿ ಮತ್ತು ಮೈನಾ’ ಐರ್ಲೆಂಡಿನ ಡಬ್ಲಿನ್‌ನಲ್ಲಿರುವ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಕಾಗದದ ಮೇಲಿನ ನಮ್ಮ ತೋಟಗಳನ್ನು ಪರದೇಶದವರು ಗಾಜಿನ ಹಿಂದೆ ಜೋಪಾನವಾಗಿಟ್ಟಿದ್ದಾರೆ. ನೆಲದ ಮೇಲಿನ ತೋಟವನ್ನು ಜೋಪಾನ ಮಾಡುವ ಕೆಲಸ ನಮ್ಮ ಪಾಲಿಗೆ ಬಂದಿತ್ತು.

ಪುರಾತತ್ವ ಇಲಾಖೆಗೆ ತೋಟಗಾರಿಕೆಯ ಪ್ರತ್ಯೇಕ ಶಾಖೆಯೇ ಇದೆ. ಗೋಳಗುಮ್ಮಟದ ಮುಂದೆ, ಇಬ್ರಾಹಿಂ ರೋಜಾದ ಸುತ್ತ ಅದು ಬೆಳೆಸಿರುವುದು ಕತ್ತರಿಸಿದ ಹುಲ್ಲುಹಾಸು ಮತ್ತು ಅಂಚಿನ ಗಿಡಸಾಲು. ನೋಡಲು ಅಚ್ಚುಕಟ್ಟು, ಇತಿಹಾಸದ ಕಣ್ಣಿಗೆ ಸುಳ್ಳು. ಈ ಹುಲ್ಲುಹಾಸಿನ ಚಾಳಿ ಬ್ರಿಟಿಷ್ ಸರಕಾರದ ಕಾಲದ ಸಾಹೇಬರದು. ತಾಜಮಹಲಿನ ಹಣ್ಣಿನ ಮರಗಳ ದಟ್ಟ ತೋಪನ್ನು ತೆಗೆಸಿ ಲಾರ್ಡ್ ಕರ್ಜನ್ ಹುಲ್ಲು ಹಾಸಿಸಿದ ಕಾಲದಿಂದ ಅದೇ ಮಾದರಿ ದೇಶದ ಎಲ್ಲ ಸ್ಮಾರಕಗಳಿಗೂ ಬಂತು. ನಮ್ಮ ದಖನಿ ತೋಟದಲ್ಲಿ ನಡುಬಗ್ಗಿ ಹುಲ್ಲು ನೋಡುವ ರೂಢಿ ಇರಲಿಲ್ಲ. ಹಣ್ಣು, ನೆರಳು, ವಾಸನೆ, ನೀರಿನ ಸಪ್ಪಳ ಇವೇ ಅದರ ಜೀವ. ಹುಲ್ಲುಹಾಸು ಬಿಸಿಲುನಾಡಿನಲ್ಲಿ ಕುಡಿಯುವ ನೀರಿಗೆ ಹೋಲಿಸಿದರೆ ಒಂದು ದಾಳಿಂಬೆ ತೋಪು ಕುಡಿಯುವ ನೀರು ಎಷ್ಟು ಕಡಿಮೆ ಎಂಬುದನ್ನು ಇಂಡಿಯ ಯಾವ ರೈತನಾದರೂ ಲೆಕ್ಕ ಹಾಕಿ ಹೇಳುತ್ತಾನೆ.

ಈಗ ಆಲಮಟ್ಟಿಯ ವಿಷಯಕ್ಕೆ ಬರೋಣ. ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ, ಈಗಿನ ನಿಡಗುಂದಿ ತಾಲ್ಲೂಕಿನ ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟಿನ ಬಗಲಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ವಿಶಾಲವಾದ ಉದ್ಯಾನಗಳನ್ನು ಬೆಳೆಸಿದೆ. ಅದರಲ್ಲಿ ಕಲ್ಲಿನ ಉದ್ಯಾನವಿದೆ, ಗುಲಾಬಿ ತೋಟವಿದೆ, ಸಂಗೀತ ಕಾರಂಜಿಯಿದೆ, ಮೊಘಲ್ ಉದ್ಯಾನವೂ ಇದೆ. ನಾಲ್ಕೂ ತಾಲ್ಲೂಕುಗಳಿಂದ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೋಗುತ್ತವೆ, ಮಕ್ಕಳು ಸಂಜೆಯ ಕಾರಂಜಿ ನೋಡಿ ಕುಣಿಯುತ್ತಾರೆ. ಇದನ್ನು ನಾವು ಹಳಿಯುವುದಿಲ್ಲ. ನೆಲ ಮುಳುಗಿಸಿಕೊಂಡ ಜನರ ಸೀಮೆಯಲ್ಲಿ ಇಷ್ಟಾದರೂ ಹಸಿರು ಬೆಳೆದದ್ದು ಒಳ್ಳೆಯ ಕೆಲಸ. ಆದರೆ ಆಲಮಟ್ಟಿ ಒಂದು ಮಾತನ್ನು ಸಾಬೀತು ಮಾಡಿದೆ. ಈ ಜಿಲ್ಲೆಯಲ್ಲಿ ಉದ್ಯಾನ ನಡೆಸುವ ಶಕ್ತಿ ಸರಕಾರಕ್ಕಿದೆ, ನೀರಿದೆ, ಮಾಲಿಗಳಿದ್ದಾರೆ, ತಂತ್ರಜ್ಞರಿದ್ದಾರೆ, ನೋಡಲು ಜನವೂ ಇದ್ದಾರೆ. ಹಾಗಿರುವಾಗ ಕುಮಟಗಿಗೆ ಹಣವಿಲ್ಲ, ನೀರಿಲ್ಲ, ಜನ ಬರುವುದಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ಇನ್ನೊಂದು ಮಾತೂ ಹೇಳಲೇಬೇಕು. 1686ರ ಸೆಪ್ಟೆಂಬರಿನಲ್ಲಿ ವಿಜಯಪುರವನ್ನು ಗೆದ್ದು, ಆದಿಲ್‌ಶಾಹಿಯನ್ನು ಕೊನೆಗಾಣಿಸಿ, ಈ ರಾಜಧಾನಿಯ ತೋಟ ಮತ್ತು ನೀರ್ದಾರಿಗಳನ್ನು ಅನಾಥ ಮಾಡಿದ್ದು ಮೊಘಲ್ ದೊರೆ ಔರಂಗಜೇಬನ ಸೇನೆ. ಅದೇ ಜಿಲ್ಲೆಯಲ್ಲಿ ನಾವು ಮೊಘಲ್ ಹೆಸರಿನ ತೋಟವನ್ನು ಹೊಸದಾಗಿ ನೆಡುತ್ತೇವೆ, ಸ್ವಂತದ ದಖನಿ ತೋಟ ಕಣ್ಣೆದುರೇ ಇದ್ದರೂ ಅದರ ಮಾದರಿಯನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ನಮ್ಮ ಅರಿವಿನಲ್ಲಿರುವ ಈ ಬಿರುಕಿಗೆ ಯೋಜನೆ ಮಾಡಿದ ಅಧಿಕಾರಿಯೊಬ್ಬನೇ ಕಾರಣನಲ್ಲ. ಶಾಲೆಯ ಪುಸ್ತಕದಿಂದ ಹಿಡಿದು ಪ್ರವಾಸೋದ್ಯಮದ ಕರಪತ್ರದವರೆಗೆ, ಅರಮನೆಯ ತೋಟವೆಂದರೆ ದಿಲ್ಲಿ, ಆಗ್ರಾ, ಕಾಶ್ಮೀರ ಎಂದೇ ಕಲಿಸಿಕೊಂಡು ಬಂದಿದ್ದೇವೆ.

ಒಂದು ಆಕ್ಷೇಪ ನಿಜಕ್ಕೂ ತೂಕದ್ದು. ಬೇಸಗೆಯಲ್ಲಿ ಟ್ಯಾಂಕರಿಗೆ ಕಾಯುವ ಊರುಗಳಿರುವ ಸೀಮೆಯಲ್ಲಿ ಅರಸರ ಕಾರಂಜಿಗೆ ನೀರು ಬಿಡಿ ಎನ್ನುವುದು ಅಪರಾಧವಲ್ಲವೆ? ಕೊಡ ಹಿಡಿದು ನಿಂತ ತಾಯಿಯ ಮುಂದೆ ಈ ಮಾತು ಆಡಲು ನಾಲಗೆ ತಡವರಿಸುವುದು ಸರಿಯೇ. ಅದಕ್ಕೇ ನಾವು ಕೇಳುತ್ತಿರುವುದು ಹರಿದು ಹೋಗುವ ನೀರನ್ನಲ್ಲ. ಕಾರಂಜಿಯ ನೀರು ಕೊಳಕ್ಕೆ ಬಿದ್ದು ಮತ್ತೆ ಕಾರಂಜಿಗೇ ಏರುವುದು ಇಂದು ಪಟ್ಟಣದ ಸರ್ಕಲ್ಲುಗಳಲ್ಲೂ ಇರುವ ವ್ಯವಸ್ಥೆ. ಕೆರೆ ತುಂಬಿದರೆ ಸುತ್ತಲಿನ ಬಾವಿ, ಕೊಳವೆಬಾವಿಗಳಿಗೆ ನೀರು ಏರುತ್ತದೆ. ಅದರ ಲಾಭ ಮೊದಲು ಆ ಊರಿನ ರೈತರಿಗೇ. ನಮ್ಮ ಜಿಲ್ಲೆಯೇ ಕಳೆದ ದಶಕದಲ್ಲಿ ಇದನ್ನು ಕಣ್ಣಾರೆ ಕಂಡಿದೆ. ಕೃಷ್ಣೆಯ ನೀರನ್ನು ಎತ್ತಿ ಕೆರೆ ತುಂಬಿಸುವ ಯೋಜನೆಯಲ್ಲಿ ಮಹಮ್ಮದ್ ಆದಿಲ್ ಶಾಹನ ಕಾಲದ ಮಮದಾಪುರ ಕೆರೆಗೂ ಬೇಗಂ ತಲಾಬಕ್ಕೂ ನೀರು ಬಂತು. ಸುಮಾರು 400 ವರ್ಷ ಹಿಂದೆ ಕಟ್ಟಿದ ಏರಿಗಳು ಇವತ್ತಿನ ಎಂಜಿನಿಯರುಗಳ ನೀರನ್ನು ಹಿಡಿದು ನಿಂತವು. ಆಲಮಟ್ಟಿಯ ಗೇಟು 519.60 ಮೀಟರಿಗೆ ನಿಲ್ಲಬೇಕೊ 524.256ಕ್ಕೆ ಏರಬೇಕೊ ಎಂದು ವಾದಿಸುತ್ತ ನಾವು ವರ್ಷಗಳನ್ನು ಕಳೆದಿದ್ದೇವೆ, ಆ ವಾದ ನ್ಯಾಯವಾದದ್ದೇ. ಅದರ ಒಂದು ಹನಿಯ ಲೆಕ್ಕದಲ್ಲಿ ಕುಮಟಗಿಯ ಕೊಳ ತುಂಬುತ್ತದೆ.

ಇನ್ನೊಂದು ಆಕ್ಷೇಪ ಎದೆಯೊಳಗಿನದು, ಗಟ್ಟಿಯಾಗಿ ಹೇಳುವವರು ಕಡಿಮೆ. 1565ರ ಜನವರಿಯಲ್ಲಿ ವಿಜಯನಗರವನ್ನು ಮುರಿದ ಯುದ್ಧಕ್ಕೆ ನಾವು ತಾಳಿಕೋಟೆಯ ಹೆಸರಿಟ್ಟು ನೆನೆಯುತ್ತೇವೆ, ಮೊನ್ನೆ ಮೊನ್ನೆಯವರೆಗೆ ಮುದ್ದೇಬಿಹಾಳ ತಾಲ್ಲೂಕಿನದೇ ಆಗಿದ್ದ ತಾಳಿಕೋಟೆಯ ಹೆಸರು. ಆ ಗೆಲುವಿನ ಸಂಪತ್ತು ವಿಜಯಪುರದ ಕಟ್ಟಡಗಳಿಗೆ ಹರಿದು ಬಂದದ್ದೂ ಸತ್ಯ. ಹಾಗಾಗಿ ಸುಲ್ತಾನರ ವಿಲಾಸದ ತೋಟವನ್ನು ನಾವೇಕೆ ಉಳಿಸಬೇಕೆಂದು ಕೆಲವರ ಮನಸ್ಸು ಕೇಳುತ್ತದೆ. ಹಂಪಿಗೆ ಹೋದವರು ಕಮಲ ಮಹಲಿನ ಕಮಾನುಗಳನ್ನೂ ರಾಣಿಯ ಸ್ನಾನಗೃಹದ ನೀರ್ದಾರಿಯನ್ನೂ ಕಂಡು ಬಂದಿದ್ದಾರೆ. ಅದೇ ಕಣ್ಣಿನಿಂದ ಕುಮಟಗಿಯನ್ನು ನೋಡಲಿ. ಒಂದೇ ಬಗೆಯ ಕಮಾನು, ಒಂದೇ ಬಗೆಯ ಗಾರೆ, ನೀರನ್ನು ಆಟವಾಡಿಸುವ ಒಂದೇ ಬಗೆಯ ಜಾಣ್ಮೆ. ರಣರಂಗದಲ್ಲಿ ಎದುರುಬದುರಾದ ಎರಡು ಆಸ್ಥಾನಗಳು ಕುಶಲಕರ್ಮಿಗಳ ಕೈಯಲ್ಲಿ ಬಂಧುಗಳಾಗಿದ್ದವು. ಸರಸ್ವತಿಯ ಸ್ತುತಿಯನ್ನು ತನ್ನ ‘ಕಿತಾಬೆ ನವರಸ’ದಲ್ಲಿ ಇಟ್ಟ ಇಬ್ರಾಹಿಂನ ನಾಡು ಇದು. ಮೇಲಾಗಿ ಕುಮಟಗಿಯನ್ನು ಕಟ್ಟಿದವರು ಸುಲ್ತಾನರಲ್ಲ. ಕಲ್ಲು ಒಡೆದ ವಡ್ಡರು, ಗಾರೆ ಅರೆದವರು, ಸುರಂಗ ತೋಡಿದವರು, ಮಣ್ಣು ಹೊತ್ತ ಹೆಂಗಸರು, ಗಿಡ ನೆಟ್ಟ ಮಾಲಿಗಳು ಕಟ್ಟಿದರು. ಕಾಯಕವನ್ನು ಎಲ್ಲಕ್ಕಿಂತ ಮೇಲಿಟ್ಟ ಬಸವಣ್ಣನ ಹುಟ್ಟೂರಿನ ಸೀಮೆ, ಹೂಗಾರ ಮಾದಯ್ಯನನ್ನು ಶರಣರ ಸಾಲಿನಲ್ಲಿ ಕೂಡಿಸಿದ ಪರಂಪರೆ, ಆ ಕೈಗಳ ಕೆಲಸವನ್ನು ದೊರೆಯ ಧರ್ಮ ನೋಡಿ ತಿರಸ್ಕರಿಸಲಾರದು. ದೇವರ ಹೂದೋಟಕ್ಕೆ ಭೂಮಿ ಬಿಟ್ಟದ್ದನ್ನು ಕಲ್ಲಿನಲ್ಲಿ ಕೊರೆಸಿಟ್ಟ ಶಾಸನಗಳು ಕನ್ನಡ ನಾಡಿನ ತುಂಬ ಇವೆ. ಸುಲ್ತಾನರು ಬರುವುದಕ್ಕೆ ಶತಮಾನಗಳ ಮೊದಲೇ ತೋಟವನ್ನು ದಾನವೆಂದೂ ಧರ್ಮವೆಂದೂ ಬಗೆದ ಜನ ನಾವು.

ಕುಮಟಗಿಯಂಥ ಜಾಗಕ್ಕೆ ಜೀವ ತರುವುದು ಆಗದ ಕೆಲಸವೆಂದು ಯಾರೂ ಹೇಳುವ ಹಾಗಿಲ್ಲ. ದಿಲ್ಲಿಯ ಹುಮಾಯೂನ್ ಸಮಾಧಿಯ ಉದ್ಯಾನವನ್ನು ಪುರಾತತ್ವ ಇಲಾಖೆ ಮತ್ತು ಆಗಾ ಖಾನ್ ಟ್ರಸ್ಟ್ ಸೇರಿ 2003ರಲ್ಲಿ ಮತ್ತೆ ಹಸಿರು ಮಾಡಿದವು. ಸುಮಾರು 3 ಕಿಲೋಮೀಟರ್ ಉದ್ದದ ಕಾಲುವೆಗಳನ್ನು ದುರಸ್ತಿ ಮಾಡಿ, 128 ಇಂಗುಗುಂಡಿಗಳನ್ನು ತೋಡಿ, ಒಣಗಿ ನಿಂತಿದ್ದ ಕಾರಂಜಿಗಳಿಗೆ ನೀರು ಹರಿಸಿದರು. ಮೊದಲು ಅಗೆದು ಹಳೆಯ ನೀರ್ದಾರಿ ಎಲ್ಲಿತ್ತೆಂದು ಕಂಡುಕೊಂಡರು, ಆಮೇಲೆ ಗಿಡ ಆರಿಸಿದರು. ಕೆಲಸದ ಕ್ರಮ ಹಾಗಿರಬೇಕು. ಅಷ್ಟು ದೂರವೂ ಬೇಡ. ನಮ್ಮದೇ ರಾಜ್ಯದ ಶ್ರೀರಂಗಪಟ್ಟಣದಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಬಾಗನ್ನು ಇದೇ ಇಲಾಖೆ ನೋಡಿಕೊಳ್ಳುತ್ತಿದೆ. ಅಲ್ಲಿ ಗೋಡೆಚಿತ್ರಗಳಿಗೆ ಬಿಸಿಲು ತಾಗದಂತೆ ಪರದೆ ಇಳಿಬಿಟ್ಟಿದ್ದಾರೆ, ತೋಟಕ್ಕೆ ಮಾಲಿಗಳಿದ್ದಾರೆ, ಟಿಕೆಟ್ ಕೊಳ್ಳಲು ಸಾಲಿದೆ. ಒಂದೇ ಇಲಾಖೆ, ಒಂದೇ ಕಾಯ್ದೆ. ಮೈಸೂರು ಹೆದ್ದಾರಿಯ ಪಕ್ಕದ ತೋಟಕ್ಕೆ ಸಿಕ್ಕ ಮಮತೆ ಸಿಂದಗಿ ಹೆದ್ದಾರಿಯ ಪಕ್ಕದ ತೋಟಕ್ಕೆ ಏಕೆ ಸಿಗಲಿಲ್ಲ? ಉತ್ತರ ಕರ್ನಾಟಕದ ಅಳಲು ಎಂದು ಇದನ್ನು ಬದಿಗೆ ಸರಿಸಬೇಡಿ. ಇದು ಕಡತದಲ್ಲಿ ಉತ್ತರ ಬರೆಯಬೇಕಾದ ಪ್ರಶ್ನೆ.

ಮಾಡಬೇಕಾದ್ದು ಗೊತ್ತಿಲ್ಲದ ಸಂಗತಿಯೇನಲ್ಲ. ಮೊದಲಿಗೆ ಉಳಿದ ಚಿತ್ರಗಳು. ಅವುಗಳಿಗೆ ರಸಾಯನತಜ್ಞರ ಕೈ ಬೇಕು, ಗಾರೆಮೇಸ್ತ್ರಿಯ ಸುಣ್ಣದ ಕುಂಚ ಅಲ್ಲ. ತಡವಾದ ಪ್ರತಿ ಮಳೆಗಾಲವೂ ಒಂದು ಬಣ್ಣವನ್ನು ತಿನ್ನುತ್ತದೆ. ಕೆರೆಯಿಂದ ಮಂಟಪದವರೆಗಿನ ನೀರ್ದಾರಿಯನ್ನು ಅಗೆದು, ಅಳೆದು, ನಕ್ಷೆ ಮಾಡಬೇಕು. ಗೋಪುರ, ಕೊಳವೆ, ಕಾರಂಜಿಯ ಬಾಯಿ ಎಲ್ಲೆಲ್ಲಿ ಹೇಗಿವೆ ಎಂಬುದು ಕಾಗದದ ಮೇಲೆ ಬಂದ ಮೇಲೆಯೇ ಒಂದು ಹಿಡಿ ಸಿಮೆಂಟೂ ಅಲ್ಲಿಗೆ ಹೋಗಬೇಕು. ಸಿಮೆಂಟ್ ಹೋಗದಿದ್ದರೆ ಇನ್ನೂ ಒಳ್ಳೆಯದು, ಸುಣ್ಣದ ಗಾರೆಯನ್ನು ಅರೆಯಬಲ್ಲ ಕೈಗಳು ಈ ಜಿಲ್ಲೆಯಲ್ಲಿ ಇನ್ನೂ ಇವೆ. ಒಂದು ಕೊಳ, ಒಂದು ಮಂಟಪ, ಒಂದು ಸಾಲು ಕಾರಂಜಿ ಮೊದಲು ನೀರು ಕಾಣಲಿ. ಉಳಿದದ್ದನ್ನು ಇದ್ದ ಹಾಗೆಯೇ ಬಿಡಲಿ. ಪಾಳುಬಿದ್ದ ಭಾಗ ಪಾಳಾಗಿಯೇ ಕಾಣುವುದರಲ್ಲಿ ಅವಮಾನವೇನಿಲ್ಲ. ಬಣ್ಣದ ದೀಪ, ಧ್ವನಿವರ್ಧಕದ ಹಾಡು, ಸೆಲ್ಫಿಗಾಗಿ ನಿಲ್ಲಿಸಿದ ಪ್ಲಾಸ್ಟಿಕ್ ಹೃದಯ ಇವು ಕುಮಟಗಿಗೆ ಬೇಡವೇ ಬೇಡ. ಆಲಮಟ್ಟಿಯ ರೀತಿ ಆಲಮಟ್ಟಿಯಲ್ಲೇ ಇರಲಿ.

ಗಿಡಗಳನ್ನು ನರ್ಸರಿಯ ಗುತ್ತಿಗೆದಾರ ಬೆಂಗಳೂರಿನಿಂದ ಲಾರಿಯಲ್ಲಿ ತರಬಾರದು. ಇಂಡಿಯ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯೂ ಇಂಡಿಯಲ್ಲೇ ಇದೆ. ಹುಮಾಯೂನನ ತೋಟದಲ್ಲೂ ಲಿಂಬೆಯ ಗಿಡ ನೆಟ್ಟರು; ಕುಮಟಗಿಗೆ ಲಿಂಬೆ ನಮ್ಮ ಇಂಡಿಯಿಂದಲೇ ಹೋಗಲಿ. ದಾಳಿಂಬೆ, ದ್ರಾಕ್ಷಿ, ಅಂಜೂರ, ಮಲ್ಲಿಗೆ, ಸಂಪಿಗೆ, ಕೇದಗೆ ಯಾವುದಕ್ಕೂ ನಾಲ್ಕು ತಾಲ್ಲೂಕಿನ ಆಚೆ ಹುಡುಕಬೇಕಾಗಿಲ್ಲ. ಮಾಳಿಗಳು, ಬಾಗವಾನರು, ಹೂಗಾರರು ನಮ್ಮ ಪ್ರತಿ ಪೇಟೆಯಲ್ಲಿದ್ದಾರೆ, ಹೂವು ಹಣ್ಣಿನ ವಿದ್ಯೆ ಅವರ ಮನೆತನದಲ್ಲಿ ಉಳಿದಿದೆ. ತೋಟದ ಕೆಲಸಕ್ಕೆ ಅವರ ಮಕ್ಕಳನ್ನೂ ಕುಮಟಗಿಯ ಊರವರನ್ನೂ ಮೊದಲು ಕರೆಯಬೇಕು. ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಮುಂದಿನ 200 ಮೀಟರ್ ನಿಯಂತ್ರಿತ ಎಂದು ಕಾಯ್ದೆ ಹೇಳಿದಾಗ ಗೋಡೆ ಎಬ್ಬಿಸಲು, ಚಪ್ಪರ ಹಾಕಲು ಅಡ್ಡಿಯಾಗುವುದು ಅಲ್ಲಿನ ರೈತನಿಗೆ. ನಷ್ಟ ಅವನಿಗೆ, ಟಿಕೆಟ್ಟಿನ ದುಡ್ಡು ದಿಲ್ಲಿಗೆ ಎಂಬ ಏರ್ಪಾಡಿನಲ್ಲಿ ಯಾವ ಊರೂ ತನ್ನ ಸ್ಮಾರಕವನ್ನು ಮನಸಾರೆ ಕಾಯುವುದಿಲ್ಲ. ಊರಿನ ಪಂಚಾಯತಿಗೆ ಒಂದು ಪಾಲು ಸಿಗುವ ದಾರಿಯನ್ನು ಸರಕಾರ ಹುಡುಕಲೇಬೇಕು.

ಶಾಲಾ ಪ್ರವಾಸದ ವಿಷಯದಲ್ಲಿ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಶಿಕ್ಷಣ ಇಲಾಖೆಯ ಕರ್ನಾಟಕ ದರ್ಶನದಲ್ಲಿ ನಮ್ಮ ಮಕ್ಕಳು ದೂರದ ಅರಮನೆಗಳನ್ನು ನೋಡಿ ಬರುತ್ತಾರೆ, ನೋಡಲಿ. ಆದರೆ ನಾಲ್ಕೂ ತಾಲ್ಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳು ಒಪ್ಪಿದರೆ ಈ ವರ್ಷವೇ ಪ್ರತಿ ಪ್ರೌಢಶಾಲೆಯ ಒಂದು ತರಗತಿ ಕುಮಟಗಿಗೆ ಬರಬಹುದು. ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವ ದೂರ. ವಿಜ್ಞಾನದ ಮೇಷ್ಟರು ನೀರಿನ ಒತ್ತಡವನ್ನು ಗೋಪುರದ ಬುಡದಲ್ಲಿ ನಿಂತು ಕಲಿಸಲಿ, ಇತಿಹಾಸದ ಮೇಷ್ಟರು ಗೋಡೆಯ ಮೇಲಿನ ಪರಂಗಿ ಯಾರೆಂದು ಹೇಳಲಿ. ಮುದ್ದೇಬಿಹಾಳದ ಹುಡುಗಿಯೊಬ್ಬಳು ಆ ಮಾಸಿದ ಚೌಗಾನ್ ಸವಾರನನ್ನು ನೋಡಿ ತನ್ನ ನೋಟ್‌ಬುಕ್ಕಿನಲ್ಲಿ ಬಿಡಿಸಿಕೊಂಡರೆ, ಅವಳ ಕೈ ಮುಂದೆಂದೂ ಅದೇ ಗೋಡೆಯನ್ನು ಕೆರೆಯಲಾರದು.

ಪುರಾತತ್ವ ಇಲಾಖೆಯ ಧಾರವಾಡ ವಲಯದ ಅಧಿಕಾರಿಗಳು, ಜಿಲ್ಲಾಧಿಕಾರಿಗಳು, ಕೃಷ್ಣಾ ಭಾಗ್ಯ ಜಲ ನಿಗಮದ ಎಂಜಿನಿಯರುಗಳು ಒಂದೇ ಮೇಜಿನ ಸುತ್ತ ಕುಮಟಗಿಗಾಗಿ ಕೂಡುವ ಸಭೆಯ ತಾರೀಖನ್ನು ಸಾರ್ವಜನಿಕವಾಗಿ ಪ್ರಕಟಿಸಲಿ. ಆ ಸಭೆ ವಿಜಯಪುರದ ಕಚೇರಿಯಲ್ಲಿ ಬೇಡ, ಕುಮಟಗಿಯ ಮಂಟಪದ ಮೆಟ್ಟಿಲ ಮೇಲೆ, ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ನಡೆಯಲಿ. ನಾಲ್ಕೂ ತಾಲ್ಲೂಕಿನ ಶಾಸಕರು ಬರಲಿ, ಊರವರಿಗೆ ಮಾತಾಡಲು ಬಿಡಲಿ, ನೀರು ಹರಿಯುವ ಮೊದಲ ದಿನ ಯಾವುದೆಂದು ನಡಾವಳಿಯಲ್ಲಿ ಬರೆದು ಎಲ್ಲರೂ ಸಹಿ ಹಾಕಲಿ.